ಎರಡನೇ ಶಿವಕುಮಾರಿ

ನನ್ನ ಹೆಸರಿನವಳೇ ಇನ್ನೊಬ್ಬಳು ನಮ್ಮ ಹೈಸ್ಕೂಲಿಗೆ ಬರುತ್ತಾಳೆ ಅಂತ ಹೆಡ್‌ಮಾಸ್ತರ್ ಕರಿಬಸಯ್ಯನವರು ಹೇಳಿದಾಗ ಸ್ಟಾಫ್‌ರೂಮಿನಲ್ಲಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಅವಳ ಹೆಸರೂ ಶಿವಕುಮಾರಿ, ಕಲಿಸುವುದೂ ಇಂಗ್ಲಿಷ್, ಊರು ಸಿಂಧನೂರು, ಇದು ಮೊದಲನೇ ನೌಕರಿ. ಎಂಟು, ಒಂಬತ್ತನೇ ಕ್ಲಾಸು ಅವಳಿಗೆ, ಹತ್ತನೇ ಕ್ಲಾಸು ನನಗೆ ಎಂದು ಹೆಡ್‌ಮಾಸ್ತರು ಹಂಚಿದರು. ರಿಸಲ್ಟಿನ ಕ್ಲಾಸು ನಿಮ್ಮ ಕೈಯಲ್ಲೇ ಇರಲಿ ಅಂತ ನನ್ನನ್ನು ಉಬ್ಬಿಸಿದರು ಕೂಡ. ನಾನು ಉಬ್ಬಲಿಲ್ಲ. ನನ್ನ ಚಿಂತೆಯೇ ಬೇರೆ ಇತ್ತು.

ಆ ಚಿಂತೆ ಅರ್ಥವಾಗಬೇಕಾದರೆ ಈ ಹೈಸ್ಕೂಲಿರುವ ಪಾಮನಕಲ್ಲೂರಿನ ಒಂದು ಪದ್ಧತಿ ಗೊತ್ತಿರಬೇಕು. ಊರು ದೊಡ್ಡದು, ಹೆಸರುಗಳು ಮಾತ್ರ ಕಡಿಮೆ. ಒಂದೇ ಹೆಸರಿನವರು ಇಬ್ಬರಾದರೆ ಸಾಕು, ಊರವರು ಯಾರನ್ನೂ ಕೇಳದೆ ಹೆಸರಿನ ಮುಂದೆ ಒಂದು ವಿಶೇಷಣ ಹಚ್ಚಿಬಿಡುತ್ತಾರೆ. ಕೆಂಪ ಪಂಪಾಪತಿ, ಸಣ್ಣ ಪಂಪಾಪತಿ, ಟ್ರ್ಯಾಕ್ಟರ್ ಪಂಪಾಪತಿ. ಗಡ್ಡದ ಬುಡ್ಡೇಸಾಬ್, ಗಿಡ್ಡ ಬುಡ್ಡೇಸಾಬ್. ಮೊದಲು ಹಚ್ಚಿದವರು ಯಾರು ಅಂದರೆ ಯಾರಿಗೂ ಗೊತ್ತಿರುವುದಿಲ್ಲ. ಒಮ್ಮೆ ಅಂಟಿದ್ದು ಬಿಡುವುದೂ ಇಲ್ಲ. ಸಣ್ಣ ಪಂಪಾಪತಿಗೆ ಮೊಮ್ಮಕ್ಕಳಾಗಿ, ಹೊಟ್ಟೆ ಬಂದು, ಬಸ್ಸಿನಲ್ಲಿ ಇಬ್ಬರ ಸೀಟು ಬೇಕಾದರೂ ಅವನು ಸಣ್ಣ ಪಂಪಾಪತಿಯೇ. ಗಡ್ಡದ ಬುಡ್ಡೇಸಾಬ್ ಗಡ್ಡ ಬೋಳಿಸಿ ಎಷ್ಟೋ ಕಾಲವಾಯಿತು. ಅವನ ಮಗನ ಮದುವೆ ಕಾರ್ಡು ಹಂಚುವವರೂ ಗಡ್ಡದ ಬುಡ್ಡೇಸಾಬನ ಮನೆಯದು ಅಂತಲೇ ಹೇಳಿ ಕೊಟ್ಟು ಹೋದರು.

ಇಷ್ಟು ವರ್ಷ ಆ ಹೈಸ್ಕೂಲಿಗೆ ನಾನೊಬ್ಬಳೇ ಶಿವಕುಮಾರಿ. ನನಗೆ ವಿಶೇಷಣದ ಹಂಗಿರಲಿಲ್ಲ. ಇನ್ನು ಇಬ್ಬರಾದ ಮೇಲೆ ಊರು ಸುಮ್ಮನೆ ಬಿಡುತ್ತದೆಯೇ? ಅವಳಿಗೊಂದು ಹಚ್ಚುತ್ತದೆ, ನನಗೊಂದು ಹಚ್ಚುತ್ತದೆ. ಅವಳು ಹೊಸ ಟೀಚರ್ ಆದರೆ ನಾನು ಏನಾಗುತ್ತೇನೆ ಅಂತ ಬಿಡಿಸಿ ಹೇಳಬೇಕಿಲ್ಲ. ಹಳೇ ಟೀಚರ್ ಅಂತ ಕರೆಸಿಕೊಂಡು ರಿಟೈರ್ ಆಗುವುದನ್ನು ನೆನೆದರೇ ಮೈ ಉರಿಯುತ್ತಿತ್ತು.

ಅವಳು ಬಂದಳು. ಸ್ಕೂಟಿಯ ಮೇಲೆ, ನಗುನಗುತ್ತ ಬಂದಳು. ಬಂದವಳೇ ಅಕ್ಕಾರ ಎನ್ನುತ್ತ ನನ್ನ ಕಾಲು ಮುಟ್ಟಲು ಬಗ್ಗಿದಳು. ಅಷ್ಟು ಬಗ್ಗಬೇಕಾಗುವಷ್ಟು ಎತ್ತರವಿದ್ದಳು. ನಾನು ಕುಳ್ಳಿ. ಅವಳ ಪಕ್ಕ ನಿಂತಾಗ ನನಗೆ ಮೊದಲು ನೆನಪಾದದ್ದು ಗಿಡ್ಡ ಬುಡ್ಡೇಸಾಬ್. ಇರಲಿ ಬಿಡಮ್ಮ ಅಂತ ಕಾಲು ಹಿಂದಕ್ಕೆ ಎಳೆದುಕೊಂಡೆ.

ಊರು ಹಚ್ಚುವ ಮುಂಚೆ ನಾನೇ ಒಂದು ಒಳ್ಳೆಯದನ್ನು ಹಚ್ಚಿಕೊಂಡರಾಯಿತು ಅಂತ ತೀರ್ಮಾನಿಸಿದೆ. ಅದಕ್ಕೆ ಸರಿಯಾಗಿ ಹತ್ತನೇ ಕ್ಲಾಸಿನ ಗ್ರಾಮರಿನಲ್ಲಿ ಅಡ್ಜೆಕ್ಟಿವ್ ಬಂತು. ಈ ಪಾಠದಲ್ಲಿ ನನ್ನನ್ನು ಮೀರಿಸುವವರು ಮಸ್ಕಿ ತಾಲೂಕಿನಲ್ಲಿ ಇಲ್ಲ. ಗೋಡೆಗೆ ಚಾರ್ಟು ತೂಗುಹಾಕುತ್ತೇನೆ, ಕೋಲಿನಿಂದ ಒಂದೊಂದನ್ನೇ ತೋರಿಸುತ್ತೇನೆ, ಮಕ್ಕಳು ಒಕ್ಕೊರಲಿನಿಂದ ಹೇಳಬೇಕು. ಗುಣ ಹೇಳುವುದು ಒಂದು ಜಾತಿ: ಕೈಂಡ್, ಲೇಝಿ, ಟಾಲ್. ಎಷ್ಟು ಅಂತ ಅಳೆಯುವುದು ಇನ್ನೊಂದು: ಮಚ್, ಲಿಟಲ್. ಎಣಿಸುವುದು ಮತ್ತೊಂದು: ಟು, ಸೆಕೆಂಡ್. ಬೆರಳು ಮಾಡಿ ತೋರಿಸುವುದಕ್ಕೆ ದಿಸ್, ದಟ್. ಕೇಳುವುದಕ್ಕೆ ವಿಚ್, ಹೂಸ್. ಊರು, ದೇಶದ ಹೆಸರಿನಿಂದಲೂ ಆಗುತ್ತದೆ. ಇಂಡಿಯನ್ ಟೀ ಅಂತಾರಲ್ಲ, ನಮ್ಮಲ್ಲಿ ಇಲಕಲ್ ಸೀರೆ ಅಂದಹಾಗೆ. ಕೊನೆಗೆ ಮೈ, ಯುವರ್, ಅವರ್, ಅಂದರೆ ಯಾರದ್ದು ಅಂತ ಹೇಳುವುದು. ಅದು ಪ್ರತಿ ವರ್ಷವೂ ಕೊನೆಯ ಪೀರಿಯಡ್ಡಿಗೇ ಬೀಳುತ್ತದೆ. ನಾನು ಮನೆಗೆ ಹೋಗುವ ಸಂಜೆಯ ಮಸ್ಕಿ ಬಸ್ಸಿಗೆ ಹೊತ್ತಾಗಿರುತ್ತದೆ, ಗಡಿಬಿಡಿಯಲ್ಲಿ ಮುಗಿಸಿಬಿಡುತ್ತೇನೆ. ಅದರಲ್ಲಿ ಕಲಿಸುವಂಥದ್ದೂ ಏನಿಲ್ಲ.

ವಿಶೇಷಣವನ್ನು ಎಲ್ಲಿ ಇಡಬೇಕು ಅನ್ನುವುದನ್ನು ಮಾತ್ರ ಆ ಸಲ ಬಹಳ ಮುತುವರ್ಜಿಯಿಂದ ಹೇಳಿದೆ. ದ ಟೀಚರ್ ಈಸ್ ಸ್ಟ್ರಿಕ್ಟ್ ಅಂದರೆ ಒಂದು ಮಾತು ಹೇಳಿ ಮುಗಿಸಿದಂತೆ. ನಾಮಪದದ ಮುಂದೆಯೇ ಇಟ್ಟರೆ ಅದು ಅದರ ಜೊತೆಗೇ ತಿರುಗುತ್ತದೆ. ಉದಾಹರಣೆಗೆ ಅಂತ ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ದ ಸೀನಿಯರ್ ಟೀಚರ್ ಅಂತ ಬರೆದೆ. ಕನ್ನಡದಲ್ಲಿ ಏನನ್ನಬಹುದು ಅಂತ ಕೇಳಿ, ಯಾರೂ ಹೇಳದಿದ್ದಾಗ ನಾನೇ ಹೇಳಿದೆ: ದೊಡ್ಡ ಟೀಚರ್. ನಮ್ಮ ಸಾಲೆಯಲ್ಲಿ ದೊಡ್ಡ ಟೀಚರ್ ಯಾರು ಅಂತ ಕೇಳಿದೆ.

ಮಮತಾ ಅನ್ನುವ ಹುಡುಗಿ ಕೈ ಎತ್ತಿತು. ಬುದ್ಧಿವಂತ ಹುಡುಗಿ, ಅದಕ್ಕೇ ಕೇಳಿದೆ. ಅದು ಎದ್ದು ನಿಂತು, ಸಿಂಧನೂರಿನಿಂದ ಬಂದ ಟೀಚರ್ ದೊಡ್ಡವರು, ನಿಮಗಿಂತ ಒಂದು ಗೇಣು ಎತ್ತರ ಇದ್ದಾರೆ ಅಂದಿತು. ಇಂಗ್ಲಿಷಿನಲ್ಲಿ ಟಾಲರ್ ದ್ಯಾನ್ ಯು ಅಂತಲೂ ಸೇರಿಸಿತು. ತಪ್ಪಿಲ್ಲದ ವಾಕ್ಯ. ನಾನೇ ಕಲಿಸಿದ್ದು. ಕುಳಿತುಕೋ ಅಂದೆ, ಅದೂ ಎಂಥ ದನಿಯಲ್ಲಿ ಅಂದೆನೋ, ಹುಡುಗಿಯ ಮುಖ ಸಪ್ಪಗಾಯಿತು.

ಅತ್ತ ಒಂಬತ್ತನೇ ಕ್ಲಾಸಿನಲ್ಲಿ ಅವಳೂ ಅದೇ ಪಾಠ ಶುರುಮಾಡಿದ್ದಳು. ನಡುವೆ ಒಂದೇ ಗೋಡೆ. ಅವಳಿಗೆ ಚಾರ್ಟಿಲ್ಲ, ಕೋಲಿಲ್ಲ. ಊರಿನ ಒಬ್ಬರನ್ನು ಮನಸ್ಸಿನಲ್ಲಿ ನೆನೆಸಿಕೊಂಡು, ಹೆಸರು ಹೇಳದೆ ಬರೀ ಅಡ್ಜೆಕ್ಟಿವ್‌ಗಳಲ್ಲಿ ಬಣ್ಣಿಸಬೇಕಂತೆ. ಉಳಿದವರು ಯಾರೆಂದು ಗುರುತು ಹಿಡಿಯಬೇಕಂತೆ. ಇದು ಪಾಠವೋ ಹರಟೆಯೋ ನೀವೇ ಹೇಳಿ. ದೊಡ್ಡ ಕೈ, ಗಟ್ಟಿ ದನಿ, ಉಪ್ಪು ಹೆಚ್ಚಾದ ಸಾಂಬಾರು ಅಂತ ಯಾವುದೋ ಹುಡುಗಿ ಇಂಗ್ಲಿಷಿನಲ್ಲಿ ಹೇಳುತ್ತಿದ್ದಂತೆ ಇಡೀ ಕ್ಲಾಸು ಕಸ್ತೂರೆಮ್ಮ ಅಂತ ಕೂಗಿತು. ಬಿಸಿಯೂಟ ಮಾಡುವ ಕಸ್ತೂರೆಮ್ಮ ಒಂದಕ್ಷರ ಇಂಗ್ಲಿಷ್ ಬಾರದವಳು, ಸೌಟು ಹಿಡಿದುಕೊಂಡೇ ಅವಳ ಕ್ಲಾಸಿನ ಬಾಗಿಲಿಗೆ ಬಂದು ನಿಂತು ನಗುತ್ತಿದ್ದಳು. ನನ್ನ ಪಾಠಕ್ಕೆ ಅವಳು ಒಂದು ದಿನವೂ ಬಾಗಿಲಿಗೆ ಬಂದವಳಲ್ಲ. ನನ್ನ ಮಕ್ಕಳು ಗೋಡೆಯ ಕಡೆಗೆ ಕಿವಿಕೊಟ್ಟು ಕುಳಿತಿದ್ದನ್ನು ನೋಡಿ ಕೋಲಿನಿಂದ ಮೇಜು ಕುಟ್ಟಿದೆ.

ಬರೀ ಕ್ಲಾಸಿನಲ್ಲಾಗಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಅವಳು ಊರಲ್ಲೇ ಮನೆ ಮಾಡಿದಳು. ಅಪ್ಪನಿಗೆ ಸಿಂಧನೂರಿನಲ್ಲಿ ಅಕ್ಕಿ ವ್ಯಾಪಾರ, ಮನೆಯಲ್ಲಿ ಎಲ್ಲ ಅನುಕೂಲ. ಅದನ್ನೆಲ್ಲ ಬಿಟ್ಟು ಮೆಹಬೂಬ್‌ಬೀಯ ಮನೆಯ ಹೊರಗಿನ ಖೋಲಿ ಬಾಡಿಗೆ ಹಿಡಿದು ಕೂತಳು. ಮೆಹಬೂಬ್‌ಬೀಯ ಮಗಳು ತಮನ್ನಾ ನನ್ನ ಹತ್ತನೇ ಕ್ಲಾಸಿನ ಹುಡುಗಿ, ನಾನು ಎಂಟನೇ ಕ್ಲಾಸಿನಿಂದ ತಿದ್ದಿತೀಡಿ ತಯಾರು ಮಾಡಿದವಳು. ಈಗ ಸಂಜೆಯಾದರೆ ಆ ಮನೆಯ ಕಟ್ಟೆಯ ಮೇಲೆ ಅರ್ಧ ಊರಿನ ಮಕ್ಕಳಂತೆ, ಅವರ ನಡುವೆ ತಮನ್ನಾ ಅಂತೆ. ಎಲ್ಲ ನಾಟಕ, ಹೊಸದರಲ್ಲಿ ಎಲ್ಲರೂ ಹೀಗೇ ಕುಣಿಯುತ್ತಾರೆ ಅಂತ ಮಸ್ಕಿಯಲ್ಲಿ ನನ್ನ ಗಂಡ ವೀರೇಂದ್ರನ ಮುಂದೆ ದಿನಾ ಹೇಳುತ್ತಿದ್ದೆ. ಅವನದು ಬೀಜ, ಗೊಬ್ಬರದ ಅಂಗಡಿ. ಗಿರಾಕಿಗೆ ಹೂಂಗುಟ್ಟುವಂತೆ ನನಗೂ ಹೂಂಗುಟ್ಟುತ್ತಿದ್ದ.

ಒಂದು ದಿನ ತಮನ್ನಾ ತನ್ನ ಊರಿನ ಬಗ್ಗೆ ಬರೆದ ಪ್ಯಾರಾ ತಂದು ತೋರಿಸಿತು. ಪುಟದ ತುಂಬ ವಿಶೇಷಣ. ಬಿಸಿಲಿಗೆ ಕಾದ ಕಲ್ಲು, ತೊಗರಿಯ ಹಳದಿ ಹೂವು, ಮಧ್ಯಾಹ್ನದ ನಿದ್ದೆಗಣ್ಣಿನ ಬೀದಿ. ಚೆನ್ನಾಗಿತ್ತು, ಅದೇ ಸಂಕಟ. ಯಾರು ಹೇಳಿಕೊಟ್ಟರು ಅಂತ ಕೇಳಿದೆ. ಟೀಚರ್ ಅಂದಿತು. ಯಾವ ಟೀಚರ್ ಅಂದೆ. ಹುಡುಗಿ ತಲೆ ಬಗ್ಗಿಸಿ, ನಮ್ಮ ಮನೆಯಲ್ಲಿ ಇರುತ್ತಾರಲ್ಲ ಅವರು ಅಂದಿತು. ನಾನು ಕೆಂಪು ಪೆನ್ನು ತೆಗೆದು ಅರ್ಧಕ್ಕರ್ಧ ವಿಶೇಷಣ ಹೊಡೆದುಹಾಕಿದೆ. ಪರೀಕ್ಷೆಯಲ್ಲಿ ಇಷ್ಟೆಲ್ಲ ಬರೆದರೆ ಟೈಮ್ ಸಾಲುವುದಿಲ್ಲ ಅಂದೆ. ಅದು ನಿಜವೂ ಹೌದು.

ಇಷ್ಟಾದರೂ ನನಗೆ ಒಂದು ಸಮಾಧಾನವಿತ್ತು. ಅದು ಸಂಜೆಯ ಬಸ್ಸು. ಮಸ್ಕಿಯ ಬಸ್ಸು ಬಂದರೆ ಸಾಕು, ನಮ್ಮ ಸಾಲೆಯ ಹುಡುಗಿಯರು ಮುಂದೆ ಓಡಿ ಕಿಟಕಿಯೊಳಗೆ ಕರ್ಚೀಪು ಹಾಕಿ ನನಗೆ ಸೀಟು ಹಿಡಿಯುತ್ತಾರೆ. ತಮನ್ನಾ ಅದರಲ್ಲಿ ಮುಂದು. ನಾನು ಬರುವುದು ತಡವಾದರೆ ಸಣ್ಣ ಪಂಪಾಪತಿ ಚಹಾದಂಗಡಿಯಿಂದ ಎದ್ದು ಬಂದು ಬಸ್ಸಿನ ಮುಂದೆ ಅಡ್ಡ ನಿಲ್ಲುತ್ತಾನೆ. ಕಂಡಕ್ಟರ್ ನಾಸೀರ್ ಸೀಟಿ ಊದುವುದಿಲ್ಲ. ಇಂಥ ಮರ್ಯಾದೆ ಬೇರೆ ಯಾವ ಟೀಚರಿಗೆ ಇದೆ ಹೇಳಿ. ಲಿಂಗಸುಗೂರಿನ ತವರಿಗೆ ಹೋದಾಗಲೆಲ್ಲ ಈ ಸೀಟಿನ ಸುದ್ದಿ ಹೇಳದೆ ನಾನು ಬಂದವಳಲ್ಲ. ನನ್ನ ಅತ್ತಿಗೆ ಶಿವರಂಜನಿ ಅಲ್ಲಿ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ, ಕಾರಿನಲ್ಲಿ ಓಡಾಡುತ್ತಾಳೆ. ಅವಳಿಗೆ ಯಾರು ಸೀಟು ಹಿಡಿಯುತ್ತಾರೆ? ಎರಡನೇ ಶಿವಕುಮಾರಿ ಬಂದ ಮೇಲೂ ಕರ್ಚೀಪು ತಪ್ಪಲಿಲ್ಲ. ಕುಣಿಯುವುದನ್ನೆಲ್ಲ ಅವಳ ಜೊತೆ ಕುಣಿಯಲಿ, ಮರ್ಯಾದೆ ಮಾತ್ರ ನನಗೇ ಅಂದುಕೊಂಡು ಕಿಟಕಿಯ ಪಕ್ಕ ಕೂರುತ್ತಿದ್ದೆ.

ಆದರೂ ಊರು ನನಗೇನು ಹಚ್ಚಿತು ಅನ್ನುವುದು ತಿಳಿಯದೆ ಜೀವಕ್ಕೆ ನೆಮ್ಮದಿಯಿರಲಿಲ್ಲ. ಮಕ್ಕಳನ್ನು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದವು. ಎದುರಿಗೆ ಬರೀ ಟೀಚರ್, ಬೆನ್ನ ಹಿಂದೆ ಏನೋ. ಹಳೇ ಟೀಚರ್ ಅಂತಿರಬಹುದು, ಗಿಡ್ಡ ಟೀಚರ್ ಅಂತಿರಬಹುದು, ಅವಳು ನಗುವ ಟೀಚರ್ ಆಗಿ ನಾನು ಬೈಯುವ ಟೀಚರ್ ಆಗಿರಲೂಬಹುದು. ಒಂದೊಂದನ್ನೂ ನೆನೆಸಿಕೊಂಡು ಒಂದೊಂದಕ್ಕೂ ಜಗಳಕ್ಕೆ ತಯಾರಾಗಿದ್ದೆ. ಕಡೆಗೆ ತಡೆಯಲಾರದೆ ಒಂದು ಮಧ್ಯಾಹ್ನ ಅಡುಗೆಕೋಣೆಗೇ ಹೋದೆ. ಕಸ್ತೂರೆಮ್ಮ ಅನ್ನದ ಬೋಗುಣಿಯೊಳಗೆ ಅರ್ಧ ಇಳಿದವಳಂತೆ ಬಗ್ಗಿ ತಿಕ್ಕುತ್ತಿದ್ದಳು.

"ಕಸ್ತೂರೆಮ್ಮಾ, ನಮ್ಮಿಬ್ಬರ ಹೆಸರೂ ಒಂದ ಅದಾವಲ್ಲ. ಊರಾಗ ಹ್ಯಾಂಗ ಗುರುತು ಹಿಡೀತೀರಿ?" ಅಂದೆ.

ಅವಳು ತಲೆ ಎತ್ತಿ, ಇದೇನು ಕೇಳುವ ಮಾತೇ ಅನ್ನುವಂತೆ ನೋಡಿದಳು. "ಅದ್ರಾಗ ಏನೈತ್ರಿ ಟೀಚರ್. ನಿಮಗ ಮಸ್ಕಿ ಟೀಚರ್ ಅಂತೀವಿ."

ಮೊದಲು ನನಗೆ ಎದೆ ಹಗುರಾಯಿತು. ಹಳೇದಲ್ಲ, ಗಿಡ್ಡ ಅಲ್ಲ, ಬೈಯುವವಳೂ ಅಲ್ಲ. ಬೈಗುಳದ ಸೋಂಕೇ ಇಲ್ಲದ ಹೆಸರು. ಇಲಕಲ್ ಸೀರೆಗೆ ಇಲಕಲ್ ಅಂದಂತೆ. ಅವಳು ಬಂದ ಮೇಲೆ ಹೀಗೆ ಕರೆಯುತ್ತೀರೇನು ಅಂತ ಕೇಳದೆ ಸುಮ್ಮನಾಗಬಹುದಿತ್ತು, ನಾನು ಕೇಳಿದೆ.

"ಅಯ್ಯ, ಮೊದ್ಲಿಂದ್ಲೂ ಹಂಗ ಅಂತೀವ್ರಿ," ಅಂದಳು ಕಸ್ತೂರೆಮ್ಮ. "ಸಂಜಿಗೆ ಮಸ್ಕಿಗೆ ಹೋಗ್ತೀರಲ್ರಿ. ನಿಮ್ಮ ಹೆಸರು ಶಿವಕುಮಾರಿ ಅಂತ ನನಗ ಗೊತ್ತಾಗಿದ್ದ ಈ ಟೀಚರ್ ಬಂದ ಮ್ಯಾಲ ನೋಡ್ರಿ."

ಬೋಗುಣಿಯ ಒಳಗೆ ಅವಳ ಕೈ ಮತ್ತೆ ತಿರುಗತೊಡಗಿತು. ಹಾಗಾದರೆ ಅವಳಿಗೇನಂತೀರಿ ಅಂತ ಕೇಳಿದೆ.

"ಅವ್ರಿಗೇನ್ರಿ, ನಮ್ಮ ಶಿವಕುಮಾರಿ ಅಂತೀವಿ," ಅಂದಳು.

ಅವಳ ಮಾತಿನಲ್ಲಿ ಕೊಂಕಿದ್ದರೆ ಕೊಂಕಿಗೆ ಉತ್ತರ ಕೊಡಬಹುದಿತ್ತು. ಕೊಂಕು ಒಂಚೂರೂ ಇರಲಿಲ್ಲ. ಇವತ್ತು ಅನ್ನ ಸ್ವಲ್ಪ ಮೆತ್ತಗಾಯಿತು ಅನ್ನುವಷ್ಟೇ ಸಲೀಸಾಗಿ ಹೇಳಿ ನೀರು ಚೆಲ್ಲಿದಳು. ಇವಳ ಮಗಳ ಮದುವೆಗೆ ನನ್ನನ್ನು ಕರೆದದ್ದು, ಅಕ್ಷತೆ ಬೀಳುವುದು ಸಂಜೆಗೆ ಅಂತ ಗೊತ್ತಾಗಿ ನಾನು ಮಧ್ಯಾಹ್ನವೇ ಉಡುಗೊರೆ ಕೊಟ್ಟು ಬಸ್ಸಿಗೆ ಬಂದದ್ದು ನೆನಪಾಯಿತು. ಆಗ ಇವಳೇ ಮುಂದಾಗಿ ಬಸ್ಸು ನಿಲ್ಲಿಸಿದ್ದಳು. ಇಷ್ಟು ವರ್ಷ ಕಲಿಸಿದವಳು ನಾನು, ಇವರ ಮಕ್ಕಳನ್ನು ಪಾಸು ಮಾಡಿಸಿದವಳು ನಾನು, ನಿನ್ನೆ ಮೊನ್ನೆ ಬಂದವಳು ನಮ್ಮ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಅಂತ ಮಾತ್ರ ತಿಳಿಯಲಿಲ್ಲ.

ಆ ಸಂಜೆ ಬಸ್ಸು ಬಂತು. ತಮನ್ನಾ ಓಡಿ ಹೋಗಿ ಕಿಟಕಿಯೊಳಗೆ ಕರ್ಚೀಪು ಹಾಕಿ, ಟೀಚರ್ ಬರ್ರಿ ಅಂತ ಕೈ ಮಾಡಿತು. ನಾನು ಹತ್ತಲಿಲ್ಲ. ನೀನು ಹೋಗಪ್ಪ, ನಾ ಇವತ್ತು ಬರೂದಿಲ್ಲ ಅಂತ ನಾಸೀರನಿಗೆ ಹೇಳಿದೆ. ಅವನು ನಂಬದೆ ಇನ್ನೂ ಸ್ವಲ್ಪ ಹೊತ್ತು ನಿಲ್ಲಿಸಿಕೊಂಡ, ಆಮೇಲೆ ತಲೆ ಕೆರೆದುಕೊಂಡು ಸೀಟಿ ಊದಿದ. ತಮನ್ನಾಳ ಕರ್ಚೀಪು ಖಾಲಿ ಸೀಟಿನ ಮೇಲೆ ಕುಳಿತು ಮಸ್ಕಿಗೆ ಹೋಯಿತು.

ನಾನು ಏನೆಂದುಕೊಂಡಿದ್ದೆ? ಒಂದು ಸಂಜೆ ಇಲ್ಲಿದ್ದರೆ, ಮೆಹಬೂಬ್‌ಬೀಯ ಕಟ್ಟೆಯ ಮೇಲೆ ನಾನೂ ಕುಳಿತರೆ, ಊರು ಬಂದು ಮಾತಾಡಿಸುತ್ತದೆ ಅಂತ ಇರಬೇಕು. ಊರು ಬಂತು. ಮಸ್ಕಿ ಟೀಚರಿಗೆ ಬಸ್ ತಪ್ಪಿದೆ ಅಂತ ಸಣ್ಣ ಪಂಪಾಪತಿ ಚಹಾದಂಗಡಿಯಿಂದಲೇ ಕೂಗಿದ. ಒಬ್ಬರು ಟಂಟಂ ಆಟೊ ಹುಡುಕಿಕೊಂಡು ಓಡಿದರು. ಇನ್ನೊಬ್ಬರು ವೀರೇಂದ್ರನಿಗೆ ಫೋನ್ ಹಚ್ಚಿ, ಗಾಬರಿಯಾಗಬೇಡಿ, ಹೇಗಾದರೂ ಮಾಡಿ ಕಳಿಸುತ್ತೇವೆ ಅಂತ ಧೈರ್ಯ ಹೇಳಿದರು. ಬಿಟ್ಟ ಬಸ್ಸನ್ನು ಮುಂದಿನ ಊರಿನಲ್ಲಿ ತಡೆಯಲು ಸಾಧ್ಯವೇ ಅಂತಲೂ ಮಾತಾಯಿತು. ಮೆಹಬೂಬ್‌ಬೀ ಕುರ್ಚಿ ತಂದಿಟ್ಟಳು, ಚಹಾ ತಂದಳು. ಬಸ್ಸು ತಪ್ಪಿಲ್ಲ, ನಾನೇ ಇವತ್ತು ಇಲ್ಲಿ ಇರುತ್ತೇನೆ ಅಂತ ಅವಳಿಗೆ ಹೇಳಿದೆ.

ಅವಳು ಹತ್ತಿರ ಬಗ್ಗಿ, ಯಾರಿಗೂ ಕೇಳಿಸದಂತೆ ಕೇಳಿದಳು. "ಯಾಕ್ರಿ ಟೀಚರ್, ಮನ್ಯಾಗ ಏನರ ಜಗಳ ಆಗೈತೇನ್ರಿ?"

ನಾನು ಪಾಮನಕಲ್ಲೂರಿನಲ್ಲಿ ಇರಲು ಬೇರೆ ಕಾರಣವೇ ಅವಳಿಗೆ ಹೊಳೆಯಲಿಲ್ಲ. ಅಷ್ಟರಲ್ಲಿ ಎರಡನೇ ಶಿವಕುಮಾರಿ ಸ್ಕೂಟಿ ತಂದು ನಿಲ್ಲಿಸಿದಳು. "ಅಕ್ಕಾರ, ಕುಂದರ್ರಿ, ನಾ ಬಿಟ್ಟು ಬರ್ತೀನಿ," ಅಂದಳು. ಸುತ್ತ ನಿಂತವರೆಲ್ಲ ಹೋಗ್ರಿ ಹೋಗ್ರಿ ಅಂದರು. ನನ್ನ ಚೀಲವನ್ನು ತಮನ್ನಾ ಆಗಲೇ ಸ್ಕೂಟಿಗೆ ತೂಗುಹಾಕಿತ್ತು. ಇಷ್ಟು ಜನರ ಪ್ರೀತಿಯ ಎದುರು ನಾನೊಬ್ಬಳು ಎಷ್ಟು ಹಟ ಮಾಡಲಿ? ಹತ್ತಿ ಕುಳಿತೆ. ಎಲ್ಲರೂ ಕೈ ಬೀಸಿದರು. ನನ್ನನ್ನು ಕಳಿಸುವುದರಲ್ಲಿ ಈ ಊರಿಗೆ ಇರುವ ಮುತುವರ್ಜಿ ಬೇರೆ ಯಾವುದರಲ್ಲೂ ಇಲ್ಲ.

ದಾರಿಯುದ್ದಕ್ಕೂ ಅವಳು ಮಾತಾಡಿದಳು. ಹತ್ತನೇ ಕ್ಲಾಸಿನ ಮಕ್ಕಳ ಗ್ರಾಮರು ಎಷ್ಟು ಗಟ್ಟಿಯಿದೆ, ಚಾರ್ಟಿನ ಪಾಠವನ್ನು ತನಗೂ ಹೇಳಿಕೊಡಬೇಕು, ತನ್ನ ಮಕ್ಕಳು ನಗುವುದೇ ಹೆಚ್ಚು, ಬರೆಯುವುದು ಕಡಿಮೆ ಅಂತೆಲ್ಲ ಹೇಳಿದಳು. ಮನಸ್ಸಿನಿಂದಲೇ ಹೇಳುತ್ತಿದ್ದಳು. ಅದಕ್ಕೂ ನನಗೆ ಸಿಟ್ಟು ಬಂತು. ಅವಳು ಒಂದು ಕೆಟ್ಟ ಮಾತಾಡಿದ್ದರೆ ಎಷ್ಟು ಹಾಯಾಗಿರುತ್ತಿತ್ತು. ಎರಡೂ ಕಡೆ ತೊಗರಿ ಹೂ ಬಿಟ್ಟಿತ್ತು, ತಮನ್ನಾ ಬರೆದಿದ್ದು, ನಾನು ಕೆಂಪು ಪೆನ್ನಿನಲ್ಲಿ ಹೊಡೆದದ್ದು.

ಮಸ್ಕಿಯಲ್ಲಿ ಅಂಗಡಿಯ ಮುಂದೆ ಇಳಿದೆ. ಮರ್ಯಾದೆಗೆ ಚಹಾ ಕುಡಿದು ಹೋಗು ಅಂದೆ. ಬೇಡ ಅಕ್ಕಾರ, ಕತ್ತಲಾಗುವುದರೊಳಗೆ ಮನೆ ಮುಟ್ಟುತ್ತೇನೆ, ದಾರಿ ನೋಡುತ್ತಿರುತ್ತಾರೆ ಅಂದಳು. ಮನೆ ಅಂದರೆ ಸಿಂಧನೂರು ಇರಬೇಕು ಅಂತ ಒಂದು ಗಳಿಗೆ ಆಸೆಪಟ್ಟೆ. ಸ್ಕೂಟಿ ಬಂದ ದಾರಿಗೇ ತಿರುಗಿತು.

ವೀರೇಂದ್ರ ಗೊಬ್ಬರದ ಚೀಲಗಳ ಹಿಂದಿನಿಂದ ಎದ್ದು ಬಂದ. "ಯಾರು ಬಿಟ್ಟು ಹೋದ್ರು?" ಅಂತ ಕೇಳಿದ.

"ಪಾಮನಕಲ್ಲೂರ ಟೀಚರ್," ಅಂದೆ.

ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂತು. ಅವನು ಓಹೋ ಪಾಮನಕಲ್ಲೂರ ಟೀಚರೇನು ಅಂತ ತಾನೂ ಅಂದು ಒಳಗೆ ಹೋದ. ನಾನು ಅಲ್ಲೇ ನಿಂತೆ.